ಪೂರ್ವದ್ವಾರದ ಆನೆ

೧೯೫೬ ಡಿಸೆಂಬರ್ ೧೦, ಸೋಮವಾರ. ಸುರಪುರ

ಗುರುಲಿಂಗಮ್ಮ ಜಗದೇವಪ್ಪ ದೇವಾಪುರ. ಸೇವೆ: ಮೂವತ್ತೊಂದು ವರ್ಷ, ನಾಲ್ಕು ತಿಂಗಳು, ಹನ್ನೊಂದು ದಿನ.

ವಿದ್ಯಾಧಿಕಾರಿಗಳಿಗೆ ಇಂದು ಬರೆದ ಒಪ್ಪಿಗೆ ಪತ್ರವನ್ನು ಹೀಗೆಯೇ ಆರಂಭಿಸಿದೆ. ಹೆಸರೂ ಸೇವಾವಧಿಯೂ ಮೊದಲು ನಿಂತರೆ ಮುಂದಿನ ಮಾತಿಗೆ ತೂಕ ತಾನಾಗಿ ಬರುತ್ತದೆ. ನಿವೃತ್ತಿಯಾಗಿ ಐದು ತಿಂಗಳ ಮೇಲೆ ಇಲಾಖೆಗೆ ನನ್ನ ನೆನಪಾಗಿದೆ. ಇದು ಬುದ್ಧನ ಎರಡು ಸಾವಿರದ ಐನೂರನೆಯ ಜಯಂತಿಯ ವರ್ಷ. ಜನವರಿಯ ಕೊನೆಗೆ ಶಹಾಪುರದಲ್ಲಿ ಶಾಲಾ ಪ್ರದರ್ಶನ ನಡೆಯಲಿದೆ. ಬೌದ್ಧರ ಮಂಡಲಗಳನ್ನು ತೋರಿಸುವ ಮೂರು ಪಟಗಳು, ನೆಲದ ಮೇಲೆ ಬಣ್ಣದ ಪುಡಿಯ ಒಂದು ಮಂಡಲ, ಇವು ನನ್ನ ಉಸ್ತುವಾರಿಯಲ್ಲಿ ಸಿದ್ಧವಾಗಬೇಕು. ಕಪ್ಪು ಬಿಳುಪಿನ ಛಾಯಾಚಿತ್ರಗಳನ್ನೂ ಕನ್ನಡಕ್ಕೆ ತಿರುಗಿಸಿದ ಟಿಪ್ಪಣಿಯನ್ನೂ ಕಳುಹಿಸಿದ್ದಾರೆ.

ಇನ್ನೊಂದು ಹೊಣೆಯೂ ಇದೆ. ಪಟಗಳನ್ನು ಬರೆಯುವವಳು ರಂಗಂಪೇಟೆಯ ಮಲ್ಲಿಕಮ್ಮ. ಶಹಾಪುರದ ಹೊಸ ಬಾಲಿಕಾ ಪಾಠಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯ ಜಾಗಕ್ಕೆ ಅವಳು ಅರ್ಜಿ ಹಾಕಿದ್ದಾಳೆ. ಈ ಕೆಲಸವೇ ಅವಳ ಪರೀಕ್ಷೆ, ನನ್ನ ವರದಿಯೇ ಫಲಿತಾಂಶ. ಆಯ್ಕೆಯ ಸಭೆ ಜನವರಿ ಇಪ್ಪತ್ತೆರಡಕ್ಕೆ.

ಡಿಸೆಂಬರ್ ೧೩

ಮಲ್ಲಿಕಮ್ಮ ಬಂದಿದ್ದಳು. ಇಪ್ಪತ್ತು ವರ್ಷದ ಹಿಂದೆ ನನ್ನ ತರಗತಿಯಲ್ಲಿದ್ದ ಹುಡುಗಿ. ಭೂಗೋಳದ ಪುಸ್ತಕದಲ್ಲಿ ನಿಜಾಮರ ರಾಜ್ಯದ ನಕ್ಷೆ ಬರೆಯೆಂದರೆ ಅದರ ನಡುವೆ ಗಿಳಿಯೊಂದನ್ನು ಕೂರಿಸಿದ್ದಳು. ಅಂದು ಅವಳಿಗೆ ಸೊನ್ನೆ ಕೊಟ್ಟಿದ್ದೆ. ಈಗ ಗಂಡನಿಲ್ಲ. ತಂದೆ ಮರಿಲಿಂಗಪ್ಪ ಸುರಪುರದ ಹಳೆಯ ಚಿತ್ರಗಾರರಲ್ಲಿ ಒಬ್ಬರು. ಮೂರು ವರ್ಷದಿಂದ ಅವರ ಬಲಗೈ ನಡುಗುತ್ತಿರುವುದರಿಂದ ಮನೆಯ ಕುಂಚವನ್ನು ಇವಳೇ ಹಿಡಿದಿದ್ದಾಳೆ.

"ನೌಕರಿ ಆಗಲಿಲ್ಲಂದ್ರ ಸಂಕ್ರಾಂತಿ ಆದಮ್ಯಾಲ ಮೈದುನ ಬಂಡಿ ತರ್ತಾನ್ರಿ ಅಕ್ಕೋರ. ಹೊಳಿದಂಡಿ ಹೊಲಕ್ಕ ಕರಕೊಂಡು ಹೋಗ್ತೀವಿ ಅಂದಾರ" ಎಂದಳು.

"ಹೊಲದಾಗ ಚಿತ್ರ ಬರೀತೀಯೇನು?"

"ಕುಂಚ ತರಬ್ಯಾಡ ಅಂತ ಮೊದಲೇ ಹೇಳ್ಯಾರ್ರಿ."

ನಮ್ಮ ಶಾಲೆಯ ಜವಾನನಾಗಿದ್ದ ಖಾಜಾಹುಸೇನ ಈಗಲೂ ಮುಂಜಾನೆ ಬಂದು ನನ್ನ ಅಂಗಳ ಗುಡಿಸಿ ಹೋಗುತ್ತಾನೆ. ನಾನೂ ನಿವೃತ್ತಳು, ಅವನೂ ನಿವೃತ್ತ. ಬೇಡವೆಂದರೂ ಬಿಡುವುದಿಲ್ಲ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅವನು, "ಪಾಸ್ ಮಾಡಿಬಿಡ್ರಿ ಅಕ್ಕೋರ, ಬೇಟಿ ಛಲೋ ಅದಾಳ" ಎಂದ.

"ನಾನು ಪಾಸ್ ಮಾಡೂದಿಲ್ಲ. ಅವರವರ ಕೆಲಸ ಅವರನ್ನ ಪಾಸ್ ಮಾಡತದ" ಎಂದೆ. ಈ ಮಾತನ್ನು ಮೂವತ್ತೊಂದು ವರ್ಷ ಹೇಳಿದ್ದೇನೆ. ಒಮ್ಮೆ ಕೊಟ್ಟ ಅಂಕವನ್ನು ನಾನು ತಿದ್ದಿದವಳಲ್ಲ.

ಡಿಸೆಂಬರ್ ೧೭

ನಾಲ್ಕು ದಿನ ಟಿಪ್ಪಣಿಯಲ್ಲೇ ಮುಳುಗಿದ್ದೆ. ಇಂಥದೊಂದು ಕಟ್ಟಡವನ್ನು ಮನುಷ್ಯರು ಮನಸ್ಸಿನಲ್ಲೇ ಕಟ್ಟಿದರೆಂದರೆ ಅದೆಂಥ ಶಿಸ್ತು!

ಮಂಡಲವೆಂದರೆ ಅಲಂಕಾರವಲ್ಲ, ಅದೊಂದು ಅರಮನೆ. ಅತ್ಯಂತ ಹೊರಗೆ ಐದು ಬಣ್ಣದ ಬೆಂಕಿಯ ಬಳೆ: ಒಳಗೆ ಬರುವವನ ಅಜ್ಞಾನವನ್ನು ಅದು ಸುಡಬೇಕು. ಅದರ ಒಳಗೆ ವಜ್ರದ ಬಳೆ, ಅಂದರೆ ಅಲುಗದ ನಿಶ್ಚಯ. ಮೂರನೆಯದು ತಾವರೆಯ ಬಳೆ, ಶುದ್ಧವಾದ ಮನಸ್ಸು. ಇವನ್ನು ದಾಟಿದ ಮೇಲೆ ಚೌಕದ ಅರಮನೆ. ಅದಕ್ಕೆ ನಾಲ್ಕು ದ್ವಾರಗಳು: ಮೈತ್ರಿ, ಕರುಣೆ, ಪರರ ಸುಖಕ್ಕೆ ಸಂತೋಷಪಡುವ ಮುದಿತೆ, ಸಮಚಿತ್ತವಾದ ಉಪೇಕ್ಷೆ. ಇಡೀ ನೀತಿಪಾಠವನ್ನು ಒಂದು ಮಾತೂ ಇಲ್ಲದೆ ಬಾಗಿಲುಗಳಲ್ಲಿ ಹೇಳಿಬಿಟ್ಟಿದ್ದಾರೆ.

ಟಿಪ್ಪಣಿಯ ಒಂದು ವಾಕ್ಯವನ್ನು ದುಂಡಾದ ಅಕ್ಷರದಲ್ಲಿ ನಕಲು ಮಾಡಿ ಮೇಜಿನ ಮುಂದೆ ಅಂಟಿಸಿದ್ದೇನೆ: "ಸಾಧಕನು ಪೂರ್ವದ್ವಾರದ ಎದುರು ನಿಂತು ಒಳಗೆ ಪ್ರವೇಶಿಸುತ್ತಾನೆ." ವಾಕ್ಯರಚನೆ ಬಹಳ ಚೆನ್ನಾಗಿದೆ.

ಡಿಸೆಂಬರ್ ೨೪

ಎರಡು ಪಟಗಳು ಮುಗಿದವು. ಮೆಚ್ಚದೆ ಇರಲಾಗದು.

ಮೊದಲನೆಯದು ಗರ್ಭಧಾತು ಮಂಡಲ. ನಡುವೆ ಎಂಟು ದಳದ ಕೆಂಪು ತಾವರೆ, ಹೃದಯದಲ್ಲಿ ಬುದ್ಧ, ದಳದಳದಲ್ಲೂ ಬುದ್ಧರು, ಬೋಧಿಸತ್ವರು. ತಾಯಿಯ ಗರ್ಭದಲ್ಲಿ ಮಗು ಬೆಳೆಯುವಂತೆ ಕರುಣೆಯಲ್ಲಿ ಪ್ರತಿಯೊಬ್ಬರ ಒಳಗೂ ಬುದ್ಧತ್ವ ಬೆಳೆಯುತ್ತಿದೆ ಎಂಬುದು ಅದರ ಅರ್ಥ. ಎಂಟು ದಳಗಳನ್ನೂ ಸ್ಕೇಲು ಹಿಡಿದು ಅಳೆದೆ. ಕೂದಲೆಳೆಯ ವ್ಯತ್ಯಾಸವಿಲ್ಲ. ಅವಳು ಸ್ಕೇಲು ಬಳಸಿಲ್ಲವಂತೆ.

ಎರಡನೆಯದು ಭೈಷಜ್ಯಗುರುವಿನ ಮಂಡಲ. ಈ ಬುದ್ಧ ವೈದ್ಯ. ಮೈ ಕಡುನೀಲಿ, ಕೈಯಲ್ಲಿ ಅಳಲೆಕಾಯಿಯ ಟೊಂಗೆ. ದೇಹದ ಬೇನೆಗೂ ಮನಸ್ಸಿನ ಬೇನೆಗೂ ಇವನ ಸುತ್ತಲಿನ ವರ್ತುಲವನ್ನು ಧ್ಯಾನಿಸುತ್ತಾರೆ. ನಾವು ಕೆಮ್ಮಿಗೆ ತೇಯ್ದು ಕೊಡುವ ಅಳಲೆಕಾಯಿ ಬುದ್ಧನ ಕೈಯಲ್ಲಿ! ಖಾಜಾಹುಸೇನ ಪಟವನ್ನು ಬಹಳ ಹೊತ್ತು ನೋಡಿ, "ಹಕೀಮರು ಅದಾರ ಇವರು. ಮಾರಿ ನೋಡಿದ್ರ ಗೊತ್ತಾಗತದ" ಎಂದ.

ಇನ್ನು ವಜ್ರಧಾತು ಮಂಡಲ. ಎಲ್ಲಕ್ಕಿಂತ ಮುಖ್ಯವಾದದ್ದು. ಸಿದ್ಧವಾದ ನಂತರ ಕೊನೆಯ ಅಂಕ.

೧೯೫೭ ಜನವರಿ ೨, ಬುಧವಾರ

ಎಳ್ಳಮಾಸೆ ಹಬ್ಬ ಮುಗಿಯಿತು. ಮಲ್ಲಿಕಮ್ಮ ಸಜ್ಜೆ ಕಡುಬಿನ ಗಂಟಿನ ಜೊತೆಗೆ ಮೂರನೆಯ ಪಟವನ್ನೂ ತಂದಳು.

ವಜ್ರಧಾತು ಮಂಡಲದಲ್ಲಿ ಐವರು ಬುದ್ಧರು. ನಡುವೆ ಬಿಳಿಯ ವೈರೋಚನ, ಪೂರ್ವಕ್ಕೆ ನೀಲಿಯ ಅಕ್ಷೋಭ್ಯ, ದಕ್ಷಿಣಕ್ಕೆ ಹಳದಿಯ ರತ್ನಸಂಭವ, ಪಶ್ಚಿಮಕ್ಕೆ ಕೆಂಪಿನ ಅಮಿತಾಭ, ಉತ್ತರಕ್ಕೆ ಹಸಿರಿನ ಅಮೋಘಸಿದ್ಧಿ. ಒಬ್ಬೊಬ್ಬರ ಪೀಠದಲ್ಲಿ ಒಂದೊಂದು ವಾಹನ: ನಡುವೆ ಸಿಂಹ, ಪೂರ್ವಕ್ಕೆ ಆನೆ, ದಕ್ಷಿಣಕ್ಕೆ ಕುದುರೆ, ಪಶ್ಚಿಮಕ್ಕೆ ನವಿಲು, ಉತ್ತರಕ್ಕೆ ಗರುಡ. ಇದರ ಅರ್ಥವೇ ನನ್ನನ್ನು ಬೆರಗುಗೊಳಿಸಿದ್ದು. ಕೆಟ್ಟ ಗುಣವನ್ನು ಕಿತ್ತೆಸೆಯಬೇಕೆಂದು ಇಲ್ಲಿ ಹೇಳಿಲ್ಲ, ಅದನ್ನೇ ಜ್ಞಾನವಾಗಿ ಮಾಗಿಸಬೇಕು. ಅಕ್ಷೋಭ್ಯನಲ್ಲಿ ಸಿಟ್ಟು ಕನ್ನಡಿಯಂಥ ಜ್ಞಾನವಾಗುತ್ತದೆ, ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ರತ್ನಸಂಭವನಲ್ಲಿ ಅಹಂಕಾರವು ಎಲ್ಲರೂ ಸಮ ಎಂಬ ಅರಿವಾಗುತ್ತದೆ. ಅಮಿತಾಭನಲ್ಲಿ ಆಸೆ ವಿವೇಕವಾಗುತ್ತದೆ, ಅಮೋಘಸಿದ್ಧಿಯಲ್ಲಿ ಹೊಟ್ಟೆಕಿಚ್ಚು ಕಾರ್ಯಶಕ್ತಿಯಾಗುತ್ತದೆ, ನಡುವಿನ ವೈರೋಚನನಲ್ಲಿ ಅಜ್ಞಾನವೇ ಪರಮಜ್ಞಾನ.

ಬಟ್ಟೆಯ ಮುಸುಕು ತೆಗೆದಾಗ ಕೋಣೆಯೇ ಬೆಳಗಿತು. ಮರಿಲಿಂಗಪ್ಪ ಎಂದೋ ಹೈದರಾಬಾದಿನಿಂದ ತಂದಿಟ್ಟಿದ್ದ ಕೊನೆಯ ಚಿನ್ನದ ವರಕನ್ನೆಲ್ಲ, ಉಸಿರಿಗೂ ಹಾರುವ ಆ ತೆಳುಹಾಳೆಗಳನ್ನೆಲ್ಲ, ಅವಳು ಇದಕ್ಕೆ ಹಚ್ಚಿದ್ದಳು.

ಆದರೆ ದಿಕ್ಕುಗಳೆಲ್ಲ ತಪ್ಪು. ಉತ್ತರದ ಹಸಿರು ಬಲಕ್ಕಿದೆ, ಪೂರ್ವದ ನೀಲಿ ಕೆಳಗಿದೆ, ಮೇಲೆ ಕೆಂಪು!

"ಉತ್ತರ ಎಲ್ಲಿರತದ, ಮಲ್ಲಿಕಮ್ಮ?"

"ನಕ್ಷಾದಾಗ ಮ್ಯಾಲ ಇರತದ್ರಿ. ಆದ್ರ ಅಕ್ಕೋರ, ಆನಿ..."

"ಆನಿ ಕುದರಿ ಆಮ್ಯಾಲ. ಮೊದಲ ದಿಕ್ಕು ಕಲಿ."

ಮೂರನೆಯ ತರಗತಿಯ ಹುಡುಗಿಗೆ ಗೊತ್ತಿರುವ ವಿಷಯ. ಪಟದ ಮೇಲ್ಭಾಗದಲ್ಲಿ ಕೆಂಪು ಪೆನ್ಸಿಲ್ಲಿನಿಂದ ತಪ್ಪಿನ ಗುರುತು ಹಾಕಿ, ಐದು ದಿನದಲ್ಲಿ ಇನ್ನೊಂದು ಬರೆದು ತರಲು ಹೇಳಿದೆ. ಅವಳು ಪಟ ಸುತ್ತಿಕೊಂಡು ಹೋದಳು. ಕಡುಬು ಚೆನ್ನಾಗಿತ್ತು.

ಜನವರಿ ೭

ಎರಡನೆಯ ಪ್ರಯತ್ನ ಬಂದಿದೆ. ಹಸಿರು ಮೇಲೆ, ನೀಲಿ ಬಲಕ್ಕೆ, ಹಳದಿ ಕೆಳಗೆ, ಕೆಂಪು ಎಡಕ್ಕೆ. ದಿಕ್ಕು ಸರಿಯಾಯಿತು. ಆದರೆ ಚಿನ್ನವಿಲ್ಲ. ಬುದ್ಧರ ಪೀಠಗಳೆಲ್ಲ ಖಾಲಿ: ಆನೆ, ಕುದುರೆ, ನವಿಲು, ಗರುಡ, ಸಿಂಹ ಒಂದೂ ಇಲ್ಲ. ಯಾಕೆಂದು ಕೇಳಿದೆ. "ಕೈ ಬರಲಿಲ್ರಿ" ಎಂದಳು, ನೆಲ ನೋಡುತ್ತ.

ವರದಿ ಬರೆದೆ. "ಅರ್ಜಿದಾರಳ ಕೈ ಉತ್ತಮ. ಆದರೆ ದಿಕ್ಕುಗಳ ಪ್ರಾಥಮಿಕ ಜ್ಞಾನವಿಲ್ಲ. ತಿದ್ದಿ ಹೇಳಿದ ನಂತರವೂ ಕೆಲಸವನ್ನು ಅಪೂರ್ಣವಾಗಿ ಒಪ್ಪಿಸಿದ್ದಾಳೆ. ಶಿಕ್ಷಕಿಯ ಹುದ್ದೆಗೆ ಯೋಗ್ಯಳಲ್ಲ." ಪ್ರತಿಯನ್ನು ಇಟ್ಟುಕೊಂಡು ಮೂಲವನ್ನು ಖಾಜಾಹುಸೇನನ ಕೈಯಲ್ಲಿ ಅಂಚೆಗೆ ಕೊಟ್ಟೆ. ಅವನು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಕನ್ನಡ ಓದಲು ಬಾರದು.

"ಪಾಸಾ, ಫೇಲಾ ಅಕ್ಕೋರ?"

"ಟಪಾಲಿಗಿ ಹಾಕು."

"ಫೇಲು" ಎಂದು ತಾನೇ ಹೇಳಿಕೊಂಡು ಹೋದ.

ಜನವರಿ ೮

ಹೊಸ ಮೈಸೂರು ರಾಜ್ಯದ ನಕ್ಷೆಯನ್ನು ಗೋಡೆಗೆ ಹಾಕಿಸಿದೆ. ಹಳೆಯ ಹೈದರಾಬಾದಿನ ನಕ್ಷೆಯಲ್ಲಿ ಸುರಪುರ ಕೆಳಗೆ ಮೂಲೆಯಲ್ಲಿತ್ತು, ಇದರಲ್ಲಿ ಮೇಲಿದೆ. ರಾಜ್ಯ ಬದಲಾದ ಈ ಎರಡು ತಿಂಗಳಲ್ಲಿ ಊರು ಕದಲಿಲ್ಲ.

ಜನವರಿ ೧೧, ಶುಕ್ರವಾರ

ಪಟಗಳ ಕೆಳಗೆ ಅಂಟಿಸುವ ವಿವರಣೆಯನ್ನು ಬರೆಯುತ್ತಿದ್ದೆ. ಪೀಠಗಳು ಖಾಲಿ ಇರುವುದರಿಂದ ವಾಹನಗಳ ಹೆಸರನ್ನಾದರೂ ಬರೆಯೋಣವೆಂದು ಛಾಯಾಚಿತ್ರದ ಮೇಲೆ ಭೂತಗನ್ನಡಿ ಹಿಡಿದೆ. ನಕ್ಷೆಯ ಸಣ್ಣ ಅಕ್ಷರಗಳಿಗೆಂದು ಇಟ್ಟುಕೊಂಡ ಗಾಜು.

ಆನೆ ಕೆಳಗಿದೆ.

ಜನವರಿ ೧೨

ಮತ್ತೆ ನೋಡಿದೆ. ಅಲ್ಲಿಯೇ ಇದೆ. ಸೊಂಡಿಲು ಸಹ ಕಾಣುತ್ತದೆ. ಎಡಕ್ಕೆ ಕುದುರೆ, ಮೇಲೆ ನವಿಲು. ಬಲಕ್ಕೆ ಗರುಡ, ರೆಕ್ಕೆ ಬಿಚ್ಚಿದ್ದಾನೆ.

ಮುದ್ರಣದಲ್ಲಿ ತಿರುವುಮುರುವಾಗಿರಬಹುದು.

ಜನವರಿ ೧೪, ಸಂಕ್ರಾಂತಿ

ಛಾಯಾಚಿತ್ರವನ್ನು ಕಾಲುಭಾಗ ಎಡಕ್ಕೆ ತಿರುಗಿಸಿದರೆ ಉತ್ತರ ಮೇಲೆ ಬರುತ್ತದೆ, ಎಲ್ಲವೂ ನಕ್ಷೆಯಂತಾಗುತ್ತದೆ. ಆದರೆ ಹಾಗೆ ಹಿಡಿದಾಗ ಐವರು ಬುದ್ಧರೂ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡದ ಹಾಗೆ, ಅಡ್ಡ ಮಲಗಿಬಿಡುತ್ತಾರೆ. ಇದು ಮುದ್ರಣದ ತಪ್ಪಲ್ಲ.

ಮೇಜಿನ ಮುಂದಿನ ಚೀಟಿಯನ್ನು ಓದಿದೆ. "ಸಾಧಕನು ಪೂರ್ವದ್ವಾರದ ಎದುರು ನಿಂತು ಒಳಗೆ ಪ್ರವೇಶಿಸುತ್ತಾನೆ." ನಾಲ್ಕು ವಾರದಿಂದ ನನ್ನ ಕಣ್ಣ ಮುಂದೆಯೇ ಇದೆ, ನನ್ನದೇ ಅಕ್ಷರದಲ್ಲಿ.

ಎಳ್ಳು ಬೆಲ್ಲ ಕೊಡಲು ಖಾಜಾಹುಸೇನನ ಹೆಂಡತಿ ಮಮ್ತಾಜಳೇ ನಾನು ಹೋಗುವ ಮೊದಲು ಬಂದಳು. "ಫೇಲ್ ಆತು ಅಂತ ಕೇಳಿ ಮಲ್ಲಿಕಮ್ಮನ ಮೈದುನ ಹಬ್ಬಕ್ಕಿಂತ ಮೊದಲ, ನಿನ್ನೇನ ಬಂಡಿ ತಂದಾನಂತ್ರಿ" ಎಂದಳು. ನಾನಾಗಿ ವಿಚಾರಿಸಿರಲಿಲ್ಲ.

ಜನವರಿ ೧೬, ಬುಧವಾರ

ರಂಗಂಪೇಟೆಗೆ ನಡೆದು ಹೋದೆ. ವಿದ್ಯಾರ್ಥಿಯ ಮನೆಗೆ ನಾನಾಗಿ ಹೋದದ್ದು ಇದೇ ಮೊದಲು.

ಅಂಗಳದಲ್ಲಿ ಬಂಡಿಯಿತ್ತು. ಪಡಸಾಲೆಯಲ್ಲಿ ಹಗ್ಗ ಬಿಗಿದ ಟ್ರಂಕು. ಅದರ ಪಕ್ಕದಲ್ಲಿ ಕುಂಚಗಳ ಡಬ್ಬಿ, ಅದಕ್ಕೆ ಹಗ್ಗವಿಲ್ಲ. ಮರಿಲಿಂಗಪ್ಪ ಕಂಬಕ್ಕೆ ಒರಗಿದ್ದರು.

"ಬರ್ರಿ ಅಕ್ಕೋರ. ಮೊದಲ ನೀವು ಈ ಓಣ್ಯಾಗ ಬಂದ್ರ ಹುಡುಗರು ಓಡತಿದ್ವು. ಈಗ ನನಗ ಓಡಾಕ ಬರಂಗಿಲ್ಲ, ಕುಂತೀನಿ."

ಮಲ್ಲಿಕಮ್ಮ ಒಳಗಿನಿಂದ ಬಂದು ಚಾಪೆ ಹಾಸಿದಳು. ದಾರಿಯುದ್ದಕ್ಕೂ ಸಿದ್ಧಪಡಿಸಿದ್ದ ಮಾತನ್ನು ಬಿಟ್ಟು ನೇರವಾಗಿ ಹೇಳಿದೆ.

"ಆನಿ ಕೆಳಗ ಅದ, ಮಲ್ಲಿಕಮ್ಮ."

"ಹೌದ್ರಿ."

"ನಿನಗ ಮೊದಲೇ ಗೊತ್ತಿತ್ತೇನು?"

"ಪೂರ್ವಕ್ಕ ಆನಿ ಅಂತ ನೀವೇ ಓದಿ ಹೇಳಿದ್ರಿ. ಫೋಟೋದಾಗ ಆನಿ ಕೆಳಗ ಕಂಡಿತು. ಅದಕ್ಕ ನೀಲಿ ಕೆಳಗಿಟ್ಟೆ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಾಕತ್ತಿದ್ನಲ್ರಿ. ದಿಕ್ಕು ಕಲಿ ಅಂದ್ರಿ."

ಮರಿಲಿಂಗಪ್ಪ ನಕ್ಕರು. "ತಲಿತಲಾಂತರ ಗರುಡನ್ನ ಬರದು ಅವನ ರೆಕ್ಕಿ ಕತ್ತಲದಾಗ ಮುಟ್ಟಿ ಹೇಳೋ ಮನಿತನ ನಮ್ಮದು, ಅಕ್ಕೋರ. ಆಕಿ ಫೋಟೋ ತಂದು ತೋರಿಸಿದ ದಿನಾನ ನೋಡೀನಿ. ನಕ್ಷಾ ಅಂದ್ರ ಹದ್ದು ಮ್ಯಾಲಿಂದ ನೋಡಿದಂಗ. ಅದಕ್ಕ ಒಳಗ ಹೋಗೋ ಉಸಾಬರಿ ಇಲ್ಲ. ಇದು ಮನಿರಿ. ಹೋಗಾವ ಎಲ್ಲಿ ನಿಂತಾನೋ ಬಾಗಲಾ ಅಲ್ಲಿ ಇರಬೇಕು. ಬಾಗಲಾ ಪೂರ್ವಕ್ಕದ ಅಂದ್ರ, ಪೂರ್ವನ ಅವನ ಕಾಲ ಮುಂದ ಬರತದ."

"ಖಾಲಿ ಪೀಠ?" ಎಂದು ಕೇಳಿದೆ.

ಮಲ್ಲಿಕಮ್ಮ ಕುಂಚಗಳ ಡಬ್ಬಿಯನ್ನು ತನ್ನ ಹತ್ತಿರ ಎಳೆದುಕೊಂಡಳು. "ಬಣ್ಣ ನೀವು ಹೇಳಿದಲ್ಲೇ ಹಾಕಿದೆ. ಆನಿನ ಮಾತ್ರ ಸುಳ್ಳು ಜಾಗದಾಗ ಕುಂದ್ರಸಾಕ ಕೈ ಬರಲಿಲ್ರಿ."

ಅಂದೂ ಇದನ್ನೇ ಹೇಳಿದ್ದಳು. ನಾನು ಅದನ್ನು ಅಪೂರ್ಣ ಕೆಲಸವೆಂದು ಬರೆದೆ.

ಚಿನ್ನದ ಪಟವನ್ನು ತರಿಸಿದೆ. ಕೆಂಪು ಗುರುತನ್ನು ಅಳಿಸೋಣವೆಂದು ರಬ್ಬರು ಕೊಂಡೊಯ್ದಿದ್ದೆ. ಮಲ್ಲಿಕಮ್ಮ ನನ್ನ ಮಣಿಕಟ್ಟನ್ನು ಹಿಡಿದಳು.

"ಉಜ್ಜಬ್ಯಾಡ್ರಿ. ವರಕು ಎದ್ದು ಬರತದ. ಇರಲಿ ಬಿಡ್ರಿ."

"ಅಂಕ ತಪ್ಪಾಗ್ಯಾವ" ಎಂದೆ.

"ಮೂವತ್ತು ವರ್ಷದಾಗ ಇದು ಎಷ್ಟನೇದ್ರಿ ಅಕ್ಕೋರ?" ಎಂದರು ಮರಿಲಿಂಗಪ್ಪ.

"ಮೂವತ್ತೊಂದು. ಇದು ಮೊದಲನೇದು."

"ಗೊತ್ತಾಗಿದ್ದು ಮೊದಲನೇದು" ಎಂದು ಮತ್ತೆ ನಕ್ಕರು. ಗಿಳಿಯ ನಕ್ಷೆ ನೆನಪಾಯಿತು. ಅದರಲ್ಲಿ ಗಡಿಗಳೆಲ್ಲ ಸರಿಯಾಗಿದ್ದವು.

ಬಂಡಿಯನ್ನು ಸಭೆಯ ದಿನದವರೆಗೆ ನಿಲ್ಲಿಸಲು ಮೈದುನನಿಗೆ ಹೇಳಿದೆ. ಅವನು ಇಪ್ಪತ್ತಮೂರರ ಮುಂಜಾನೆಯವರೆಗೆ ಒಪ್ಪಿದ್ದಾನೆ, ಒಂದು ದಿನವೂ ಹೆಚ್ಚಿಗೆ ಇಲ್ಲವಂತೆ.

ಜನವರಿ ೧೮

ಬೆಳಿಗ್ಗೆಯಿಂದ ನನ್ನ ಮನೆಯ ಪಡಸಾಲೆಯ ನೆಲದ ಮೇಲೆ ಪುಡಿಯ ಮಂಡಲದ ಅಭ್ಯಾಸ. ಕಾಲಚಕ್ರವೆಂಬುದರ ಹೊರ ಅಂಚನ್ನಷ್ಟೇ ಮಲ್ಲಿಕಮ್ಮ ಮಾಡುತ್ತಿದ್ದಾರೆ. ಪೂರ್ತಿ ಮಾಡಲು ಅನೇಕ ಭಿಕ್ಷುಗಳೂ ಅನೇಕ ದಿನಗಳೂ ಬೇಕು. ಹೊರಗಿನ ಕಾಲ, ಅಂದರೆ ಸೂರ್ಯ, ಚಂದ್ರ, ಋತು. ಒಳಗಿನ ಕಾಲ, ಅಂದರೆ ನಮ್ಮ ಉಸಿರು. ಎರಡೂ ಒಂದೇ ಚಕ್ರವೆಂದು ಅದು ಹೇಳುತ್ತದೆ. ಮುಗಿದ ಮೇಲೆ ಎಲ್ಲವನ್ನೂ ಗುಡಿಸಿ ಹೊಳೆಗೆ ಬಿಡುತ್ತಾರೆ. ಅಳಿಸಿಬಿಡುವುದಾದರೆ ಅಂಕ ಕೊಡುವುದು ಹೇಗೆಂದು ಡಿಸೆಂಬರಿನಲ್ಲಿ ಟಿಪ್ಪಣಿಯ ಅಂಚಿನಲ್ಲಿ ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿದೆ.

"ಗುಡಿಸೂದು ನನಗ ಬಿಡ್ರಿ" ಎಂದ ಖಾಜಾಹುಸೇನ. "ನಿಮ್ಮ ಬುದ್ಧರ ವಿದ್ಯಾದಾಗ ಅದೊಂದು ನನಗ ಬರತದ."

ನಾನೂ ಒಂದು ಗೆರೆ ಎಳೆದೆ. ಬೆರಳ ಸಂದಿಯಿಂದ ಪುಡಿ ದಪ್ಪಗೆ ಸುರಿಯಿತು.

"ಸೊಟ್ಟ ಆತ್ರಿ, ಅಕ್ಕೋರ. ಮತ್ತೊಮ್ಮೆ" ಎಂದರು ಮಲ್ಲಿಕಮ್ಮ.

ತರಗತಿಯಲ್ಲಿ ಆ ಮಾತು ನನ್ನದಾಗಿತ್ತು. ಏಳು ಸಲ ಎಳೆದೆ. ಏಳನೆಯದು ಪರವಾಗಿಲ್ಲವಂತೆ. ಮೊಣಕಾಲು ನೋಯುತ್ತಿದೆ. ಇಷ್ಟು ಸಂತೋಷದ ದಿನ ಈಚೆಗೆ ಬಂದಿರಲಿಲ್ಲ.

ಜನವರಿ ೨೦, ಭಾನುವಾರ

ನಾಳೆ ಮುಂಜಾನೆಯ ಬಸ್ಸಿಗೆ ನಾನೇ ಶಹಾಪುರಕ್ಕೆ ಹೋಗುತ್ತೇನೆ. ಅಂಚೆಯನ್ನು ನಂಬಿ ಕೂರಲು ಸಮಯವಿಲ್ಲ. ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಐದನೆಯದರ ಪ್ರತಿ:

ಮಾನ್ಯ ವಿದ್ಯಾಧಿಕಾರಿಗಳ ಸನ್ನಿಧಿಗೆ,

ಜನವರಿ ಏಳರ ನನ್ನ ವರದಿ ತಪ್ಪಾಗಿದೆ. ಮಂಡಲವನ್ನು ನಾನು ಭೂಪಟವೆಂದು ಓದಿದೆ. ಭೂಪಟವನ್ನು ನೋಡುವವರು ಅದರ ಹೊರಗಿರುತ್ತಾರೆ. ಮಂಡಲವನ್ನು ನೋಡುವವರು ಅದರ ಬಾಗಿಲಲ್ಲಿ ನಿಂತಿರುತ್ತಾರೆ, ಆದ್ದರಿಂದ ಅವರ ಪಾದದ ಮುಂದೆ ಬರಬೇಕಾದದ್ದು ಪೂರ್ವ. ಅಲ್ಲಿ ಕುಳಿತವನು ಕನ್ನಡಿಯ ಜ್ಞಾನದ ಅಕ್ಷೋಭ್ಯ. ನನ್ನ ಆಜ್ಞೆಯಂತೆ ಬರೆಸಿದ ಪಟದಲ್ಲಿ ಆ ಬಾಗಿಲಿಗೆ ಅಹಂಕಾರವನ್ನು ತಿದ್ದುವ ಹಳದಿಯ ರತ್ನಸಂಭವ ಬಂದು ಕುಳಿತಿದ್ದಾನೆ.

ಶ್ರೀಮತಿ ಮಲ್ಲಿಕಮ್ಮ ಮರಿಲಿಂಗಪ್ಪ ಅವರು ಛಾಯಾಚಿತ್ರವನ್ನು ನೋಡಿ ಬರೆದರು. ನಾನು ನೋಡದೆ ತಿದ್ದಿದೆ. ತಪ್ಪಾದ ಜಾಗದಲ್ಲಿ ಒಂದು ಆನೆಯನ್ನೂ ಬರೆಯಲು ಅವರ ಕೈ ಒಪ್ಪಲಿಲ್ಲ. ಇಂಥ ಕೈ ಮಕ್ಕಳಿಗೆ ದೊರೆಯಬೇಕು. ಅವರು ಹುದ್ದೆಗೆ ಸರ್ವಥಾ ಯೋಗ್ಯರು. ಸಭೆಯು ನನ್ನನ್ನು ವಿಚಾರಿಸಬೇಕೆಂದರೆ ಬಾಗಿಲ ಹೊರಗೆ ಕುಳಿತಿರುತ್ತೇನೆ.

ಗುರುಲಿಂಗಮ್ಮ ಜಗದೇವಪ್ಪ ದೇವಾಪುರ

(ಸೇವಾವಧಿ ಬರೆಯುವುದನ್ನು ಮರೆತಿದ್ದೇನೆ. ಮತ್ತೆ ಬರೆಯಲು ಹೊತ್ತಿಲ್ಲ, ಹೀಗೆಯೇ ಇರಲಿ.)

ಇದರೊಂದಿಗೆ:

೧. ವಜ್ರಧಾತು ಮಂಡಲದ ಛಾಯಾಚಿತ್ರ. ಕೆಳಗಿನ ಪೀಠವನ್ನು ಗಮನಿಸಬೇಕು.

೨. ಟಿಪ್ಪಣಿಯ ಒಂದು ವಾಕ್ಯ, ನನ್ನ ಅಕ್ಷರದಲ್ಲಿ. ಗೋಡೆಯಿಂದ ಕಿತ್ತದ್ದರಿಂದ ಮೂಲೆ ಹರಿದಿದೆ.

೩. ಖಾಲಿ ಪೀಠಗಳ ಪಟ. ಇದರ ತಪ್ಪುಗಳೆಲ್ಲ ನನ್ನವು. ಖಾಲಿ ಜಾಗಗಳು ಮಾತ್ರ ಮಲ್ಲಿಕಮ್ಮನವರವು, ಅವು ಸರಿ.

೪. ಚಿನ್ನದ ಪಟ. ಮೇಲಿನ ಕೆಂಪು ಗುರುತು ನನ್ನದು. ಅಳಿಸಲು ಯಾರೂ ಪ್ರಯತ್ನಿಸಬಾರದು, ವರಕು ಏಳುತ್ತದೆ.

೫. ಜನವರಿ ಏಳರ ವರದಿಯ ನನ್ನ ಪ್ರತಿ. ಅದೇ ಕೆಂಪು ಪೆನ್ಸಿಲ್ಲಿನಿಂದ ಇದಕ್ಕೂ ತಪ್ಪಿನ ಗುರುತು ಹಾಕಿದ್ದೇನೆ.

೬. ಕಾಗದವಲ್ಲದ ಒಂದು ವಸ್ತು: ಭೂತಗನ್ನಡಿ. ಆನೆಯನ್ನು ಕಂಡ ಮೇಲೆ ಇದನ್ನು ನನಗೆ ಹಿಂತಿರುಗಿಸುವುದು ಬೇಡ, ಶಾಲೆಯ ಚಿತ್ರಕಲಾ ಶಿಕ್ಷಕಿಯವರಿಗೆ ಒಪ್ಪಿಸಬೇಕು.